ಬೋಯಾದ ಕೆಳಗೆ ಕೊಂಡಿ ಎಣಿಸುವ ಕೆಲಸ

ಸಮುದ್ರದ ತೈಲ ಕ್ಷೇತ್ರದಲ್ಲಿ ಟ್ಯಾಂಕರ್ ಹಡಗು ಕಟ್ಟುವ ಬೋಯಾದ ತಪಾಸಣೆಗೆ ಹೋಗಿ ಬಂದವರು ಮೊದಲು ತೋರಿಸುವುದು ವಿಡಿಯೊವನ್ನು. ಹಸಿರು ನೀರು, ಅದರಲ್ಲಿ ಇಳಿಬಿದ್ದ ಸರಪಳಿ, ಸುತ್ತ ಮೀನಿನ ಹಿಂಡು. ನೋಡಿದವರೆಲ್ಲ ತಲೆದೂಗುತ್ತಾರೆ. ಆದರೆ ಅದರಲ್ಲಿ ಕಾಣುವ ಕೊಂಡಿ ಯಾವ ಸರಪಳಿಯದು, ಮೇಲಿನಿಂದ ಎಷ್ಟನೆಯದು, ಹೋದ ವರ್ಷ ಅದರ ದಪ್ಪ ಎಷ್ಟಿತ್ತು, ಈಗ ಎಷ್ಟಿದೆ ಎಂದು ಕೇಳಿದರೆ ಉತ್ತರ ಸಿಗಬೇಕು. ಉತ್ತರ ಸಿಗದ ವಿಡಿಯೊವನ್ನು ತಪಾಸಣೆ ಎಂದು ನಾನು ಒಪ್ಪುವುದಿಲ್ಲ. ಮುಂಬೈಯನ್ನು ನೆಲೆಯಾಗಿಸಿಕೊಂಡು ಆರ್‌ಒವಿ, ಅಂದರೆ ಕೇಬಲ್ ಮೂಲಕ ನಡೆಸುವ ನೀರೊಳಗಿನ ರೋಬೋಟ್, ಓಡಿಸುವವನು ನಾನು. ಕಾರವಾರ, ಹೊನ್ನಾವರ, ಮಲ್ಪೆ ಕಡೆಯಿಂದ ಡಿಪ್ಲೊಮಾ ಮುಗಿಸಿ ಈ ಕೆಲಸಕ್ಕೆ ಬರುವ ಹುಡುಗರು ಮಾಟುಂಗದಲ್ಲಿ ಸಿಕ್ಕಾಗಲೆಲ್ಲ ರೋಬೋಟ್ ಓಡಿಸುವುದು ಹೇಗೆಂದು ಕೇಳುತ್ತಾರೆ. ಓಡಿಸುವುದನ್ನು ಕೆಲವು ತಿಂಗಳಲ್ಲಿ ಕಲಿಯಬಹುದು. ನಾನು ಬರೆಯಹೊರಟಿರುವುದು ಅಳೆಯುವುದರ ಬಗ್ಗೆ.

ಮೊದಲು ಬೋಯಾ ಎಂದರೇನು ಎಂದು ಹೇಳಿಬಿಡುತ್ತೇನೆ. ಮುಂಬೈಯಿಂದ ಪಶ್ಚಿಮಕ್ಕೆ ಸುಮಾರು 160 ಕಿಲೋಮೀಟರ್ ದೂರದಲ್ಲಿರುವ ಮುಂಬೈ ಹೈ ತೈಲ ಕ್ಷೇತ್ರದಲ್ಲಿ 1974ರಲ್ಲಿ ಸಾಗರ್ ಸಮ್ರಾಟ್ ರಿಗ್ ತೈಲ ಕಂಡಿತು. 1976ರಲ್ಲಿ ಉತ್ಪಾದನೆ ಆರಂಭವಾಯಿತು. ಅಲ್ಲಿಂದ ಮುಂಬೈ ಪಕ್ಕದ ದಡದ ಉರಣ್‌ಗೆ ಸಮುದ್ರತಳದ ಕೊಳವೆ ಮಾರ್ಗ ಬರುವವರೆಗೆ ತೈಲವನ್ನು ಟ್ಯಾಂಕರ್‌ಗಳೇ ಸಾಗಿಸುತ್ತಿದ್ದವು. ಕೊಳವೆ ಮಾರ್ಗ ಇಲ್ಲದ ಕಡೆ ಈಗಲೂ ತೈಲವನ್ನು ಟ್ಯಾಂಕರಿಗೆ ತುಂಬಲು ಬೇಕಾಗುವುದು ಬೋಯಾ. ಹತ್ತರಿಂದ ಹದಿನೈದು ಮೀಟರ್ ಅಗಲದ ಉಕ್ಕಿನ ಡ್ರಮ್ಮೊಂದು ತೇಲುತ್ತಿರುತ್ತದೆ. ಅದನ್ನು ಸಾಮಾನ್ಯವಾಗಿ ಆರು ಸರಪಳಿಗಳು ಆರು ದಿಕ್ಕಿನ ಲಂಗರುಗಳಿಗೆ ಬಿಗಿದಿರುತ್ತವೆ. ಟ್ಯಾಂಕರ್ ತನ್ನ ಮೂತಿಯನ್ನು ದಪ್ಪ ಹಗ್ಗದಿಂದ ಬೋಯಾದ ತಿರುಗುವ ಮೇಲ್ಭಾಗಕ್ಕೆ ಕಟ್ಟಿಕೊಂಡು, ಗಾಳಿ ಮತ್ತು ಸೆಳೆತ ಹೇಳಿದ ಕಡೆಗೆ ಸುತ್ತುತ್ತದೆ. ತೈಲ ಸಮುದ್ರತಳದ ಕವಾಟಗಳ ಗೂಡಿನಿಂದ ರಬ್ಬರ್ ಹೋಸ್‌ಗಳ ಮೂಲಕ ಬೋಯಾಕ್ಕೆ ಏರಿ, ಅಲ್ಲಿಂದ ತೇಲುವ ಹೋಸ್‌ಗಳಲ್ಲಿ ಟ್ಯಾಂಕರ್ ಸೇರುತ್ತದೆ. ಗುಜರಾತಿನ ವಾಡಿನಾರ್ ಮತ್ತು ಮಂಗಳೂರಿನ ಆಚೆಯ ಬೋಯಾಗಳಲ್ಲಿ ತೈಲ ಹರಿಯುವ ದಿಕ್ಕು ತಿರುಗುಮುರುಗು: ಟ್ಯಾಂಕರ್‌ನಿಂದ ದಡಕ್ಕೆ. ತಪಾಸಣೆ ಮಾತ್ರ ಎಲ್ಲ ಕಡೆಯೂ ಒಂದೇ.

ಈ ಎಲ್ಲದರಲ್ಲಿ ನನಗೆ ಹೆಚ್ಚು ಚಿಂತೆ ಸರಪಳಿಯದು. ಹೋಸ್ ಸೋರಿದರೆ ಕಣ್ಣಿಗೆ ಕಾಣುತ್ತದೆ; ಎರಡು ಪದರದ ಹೋಸ್‌ಗಳಲ್ಲಿ ಒಳಪದರ ಒಡೆದರೆ ಸೂಚನೆ ಕೊಡುವ ಏರ್ಪಾಡೂ ಇರುತ್ತದೆ. ಸರಪಳಿ ಸವೆಯುವುದು ಸದ್ದಿಲ್ಲದೆ. ಅಲೆಗೆ ಬೋಯಾ ಏರಿಳಿದಾಗಲೆಲ್ಲ ಕೊಂಡಿಗೆ ಕೊಂಡಿ ಉಜ್ಜುತ್ತದೆ. ಅದರಲ್ಲೂ ಎರಡು ಜಾಗ ಕೆಟ್ಟವು: ಬೋಯಾದ ಅಡಿಯಲ್ಲಿ ಸರಪಳಿಯನ್ನು ಹಿಡಿದಿಡುವ ಸ್ಟಾಪರ್‌ನ ಕೆಳಗಿನ ಮೊದಲ ಕೆಲವು ಕೊಂಡಿಗಳು, ಮತ್ತು ಸರಪಳಿ ಮಣ್ಣನ್ನು ಮುಟ್ಟುತ್ತ ಬಿಡುತ್ತ ಇರುವ ತಳದ ಭಾಗ. ಉದಾಹರಣೆಗೆ 76 ಮಿಲಿಮೀಟರ್ ದಪ್ಪದ ಕೊಂಡಿಯಲ್ಲಿ 3 ಮಿಲಿಮೀಟರ್ ಸವೆದರೆ ಬಹಳವೇನಲ್ಲ ಎನಿಸಬಹುದು. ಆದರೆ ಕೊಂಡಿಯ ಅಡ್ಡಕೊಯ್ತದ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಸುಮಾರು ಶೇಕಡಾ 8ರಷ್ಟು ಉಕ್ಕು ಹೋದಂತೆ. ಅಂದಾಜಿನಲ್ಲಿ ಬರೆದ ಅಂಕಿಗೂ ಅಳೆದು ಬರೆದ ಅಂಕಿಗೂ ಇರುವ ವ್ಯತ್ಯಾಸವೇ ಎಷ್ಟೋ ಸಲ ಇಷ್ಟಿರುತ್ತದೆ.

ಕೆಲಸದ ಕಾಲ ಅಕ್ಟೋಬರ್‌ನಿಂದ ಮೇವರೆಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರದಲ್ಲಿ ಸಣ್ಣ ದೋಣಿ ಬೋಯಾದ ಪಕ್ಕ ನಿಲ್ಲಲಾರದು. ಒಳ್ಳೆಯ ಕಾಲದಲ್ಲೂ ನಾನು ಮೊದಲು ನೋಡುವುದು ತಿಥಿಯನ್ನು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಸೆಳೆತ ಜೋರು. ಅಷ್ಟಮಿಯ ಹೊತ್ತಿಗೆ ಇಳಿಯುತ್ತದೆ. ಸೂಕ್ಷ್ಮ ಅಳತೆಯ ಕೆಲಸವನ್ನೆಲ್ಲ ಅಷ್ಟಮಿಯ ಕಡೆಗೆ ಇಟ್ಟುಕೊಂಡು, ಉಳಿದ ದಿನಗಳಲ್ಲಿ ಸಾಮಾನ್ಯ ವೀಕ್ಷಣೆ ಮುಗಿಸುತ್ತೇನೆ. ಟ್ಯಾಂಕರ್ ಬರುವ ದಿನಗಳನ್ನು ಅದರಿಂದ ಕಳೆಯಬೇಕು. ಬೋಯಾಕ್ಕೆ ಟ್ಯಾಂಕರ್ ಕಟ್ಟಿರುವಾಗ ಅಡಿಗೆ ರೋಬೋಟ್ ಇಳಿಸುವ ಮಾತೇ ಇಲ್ಲ.

ನಾವು ಎರಡು ಹಡಗುಗಳಲ್ಲಿ ಕೆಲಸ ಮಾಡುತ್ತೇವೆ. ದೊಡ್ಡದು ಲಂಗರು ಹಾಕದೆ, ಕಂಪ್ಯೂಟರ್ ಮತ್ತು ಥ್ರಸ್ಟರ್‌ಗಳ ಬಲದಿಂದ ನಿಂತಲ್ಲೇ ನಿಲ್ಲುವ ಹಡಗು. ಅದು ಸರಪಳಿಗಳ ವೃತ್ತದ ಆಚೆ ನಿಂತು, ತಳದ ಕೆಲಸಕ್ಕೆ ದೊಡ್ಡ ಆರ್‌ಒವಿ ಇಳಿಸುತ್ತದೆ. ಇನ್ನೊಂದು ಸಣ್ಣ ವರ್ಕ್‌ಬೋಟ್. ಬೋಯಾಕ್ಕೇ ಹಗ್ಗ ಕಟ್ಟಿಕೊಂಡು, ಇಬ್ಬರು ಎತ್ತಬಹುದಾದ ಸಣ್ಣ ಆರ್‌ಒವಿಯಿಂದ ಮೇಲ್ಭಾಗ ನೋಡುತ್ತದೆ. ತೈಲ ಸ್ಥಾವರಗಳ ಸುತ್ತಲಿನ 500 ಮೀಟರ್ ಸುರಕ್ಷತಾ ವಲಯದೊಳಗೆ ಕಾಲಿಡಲು ಕ್ಷೇತ್ರದ ನಿಯಂತ್ರಣ ಕೊಠಡಿಯ ಅನುಮತಿ ಬೇಕು. ಆ ವಲಯದ ಅಗತ್ಯ ಏನೆಂದು ಈ ಕಡಲಿನಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. 2005ರ ಜುಲೈ 27ರಂದು ಹಡಗೊಂದು ಮುಂಬೈ ಹೈ ಉತ್ತರದ ವೇದಿಕೆಯ ಕೊಳವೆಗೆ ಬಡಿದು ಇಡೀ ವೇದಿಕೆ ಉರಿದುಹೋಯಿತು, 22 ಜನ ಜೀವ ಕಳೆದುಕೊಂಡರು.

ವರ್ಕ್‌ಬೋಟ್ ಬೋಯಾದ ಯಾವ ಮಗ್ಗುಲಲ್ಲಿ ಇರಬೇಕು ಎಂಬುದೇ ಮೊದಲ ಪಾಠ. ಸೆಳೆತ ಬೋಯಾವನ್ನು ದಾಟಿ ದೋಣಿಯತ್ತ ಬರುವಂತೆ ಕಟ್ಟಿದರೆ, ಸಡಿಲವಾದ ಕೇಬಲ್ ಸರಪಳಿಗಳಿಂದ ದೂರ, ನಮ್ಮ ಕಡೆಗೇ ಹೊರಳುತ್ತದೆ. ಸುಮಾರು ಆರು ಗಂಟೆಗೊಮ್ಮೆ ಭರತ ಇಳಿತ ಬದಲಾದಾಗ ದೋಣಿ ಬೋಯಾದ ಸುತ್ತ ತಿರುಗಿ ಇನ್ನೊಂದು ಮಗ್ಗುಲಿಗೆ ಹೋಗುತ್ತದೆ. ಆಗ ಕೇಬಲ್ ನೀರಿನಲ್ಲಿದ್ದರೆ ಸರಪಳಿಗೂ ಹೋಸ್‌ಗೂ ಸುತ್ತಿಕೊಳ್ಳುವುದು ಖಂಡಿತ. ಆದ್ದರಿಂದ ನೀರು ತಿರುಗುವ ಮೊದಲೇ ರೋಬೋಟ್ ಮೇಲೆ ಬಂದಿರಬೇಕು. ಭರತದ ವೇಳಾಪಟ್ಟಿ ನನ್ನ ಮುಂದೆ ಅಂಟಿಸಿರುತ್ತದೆ, ಆದರೂ ನಾನು ನಂಬುವುದು ದೋಣಿ ನಡೆಸುವ ನಮ್ಮ ತಾಂಡೇಲರನ್ನು. ಅಂಕೋಲಾ ಕಡೆಯವರು, ಎಲ್ಲರೂ ಅಣ್ಣ ಎಂದೇ ಕರೆಯುತ್ತೇವೆ. ಅವರು ನೋಡುವುದು ಬೋಯಾದ ಅಂಚಿನಿಂದ ಹೊರಡುವ ನೊರೆಯ ಗೆರೆಯನ್ನು. ‘ತಮ್ಮಾ, ನೊರೆ ನಿಂತಿತು. ನೀರು ತಿರುಗುತ್ತದೆ, ಮೇಲೆ ತೆಗೆ’ ಎಂದರೆ ಆಗಷ್ಟೇ ಕೊಂಡಿಗೆ ದಪ್ಪ ಅಳೆಯುವ ಕ್ಯಾಲಿಪರ್ ಹಚ್ಚಿದ್ದರೂ ನಾನು ಬಿಟ್ಟು ಬರುತ್ತೇನೆ. ಹೋದ ದಾರಿಯಲ್ಲೇ ಹಿಂದಿರುಗುವುದು, ಸರಪಳಿ ಮತ್ತು ಹೋಸ್‌ನ ನಡುವೆ ಎಂದೂ ತೂರದಿರುವುದು, ಕೇಬಲ್ ನೀರಿನಲ್ಲಿರುವಾಗ ದೋಣಿಯ ಪ್ರೊಪೆಲ್ಲರ್ ತಿರುಗಿಸದಿರುವುದು: ಈ ಮೂರಕ್ಕೆ ನಮ್ಮಲ್ಲಿ ವಿನಾಯಿತಿ ಇಲ್ಲ.

ಇನ್ನು ಯಾವ ಸರಪಳಿ ಎಂಬ ಪ್ರಶ್ನೆ. ಇದು ಬಹಳ ಸುಲಭ ಎಂದು ದಡದಲ್ಲಿ ಕುಳಿತವರಿಗೆ ಅನಿಸುತ್ತದೆ. ಬೋಯಾದ ಅಡಿಗೆ ಹೋದರೆ ಮೇಲೆ ಅಷ್ಟು ಉಕ್ಕು ಇರುವುದರಿಂದ ರೋಬೋಟ್‌ನ ದಿಕ್ಸೂಚಿ ಅಡ್ಡಾದಿಡ್ಡಿ ತೋರಿಸುತ್ತದೆ. ಕೆಳಗೆ ಬರೆದಿದ್ದ ಸಂಖ್ಯೆಗಳ ಮೇಲೆ ಬಾರ್ನಕಲ್, ಪಚ್ಚಿಲೆಯಂಥ ಚಿಪ್ಪುಜೀವಿಗಳು ಬೆಳೆದು ಒಂದೂ ಕಾಣುವುದಿಲ್ಲ. ಆರೂ ಸರಪಳಿಗಳು ನೋಡಲು ಒಂದೇ. ನಾನು ಅನುಸರಿಸುವ ವಿಧಾನ ಹಳೆಯದು. ಒಬ್ಬರು ಬೋಯಾದ ಮೇಲೆ ಹತ್ತಿ, ಅಲ್ಲಿ ಸರಿಯಾಗಿ ಓದಬಲ್ಲ ಸಂಖ್ಯೆಯ ಪಕ್ಕದಿಂದ, ಬಿಳಿ ಬಣ್ಣ ಬಳಿದ ಒಂದು ಶಾಕಲ್ (ಯು ಆಕಾರದ ಉಕ್ಕಿನ ಕೊಂಡಿ) ಅನ್ನು ಹಗ್ಗಕ್ಕೆ ಕಟ್ಟಿ ನೀರಿಗೆ ಇಳಿಬಿಡುತ್ತಾರೆ. ಮೂರನೆಯ ಸರಪಳಿಗೆ ಹಗ್ಗದಲ್ಲಿ ಮೂರು ಗಂಟು, ನಾಲ್ಕಕ್ಕೆ ನಾಲ್ಕು. ಕ್ಯಾಮೆರಾಕ್ಕೆ ಮೊದಲು ಆ ಗಂಟು ತೋರಿಸಿ, ಅಲ್ಲಿಂದ ಕ್ಯಾಮೆರಾವನ್ನು ನಿಲ್ಲಿಸದೆ ಸ್ಟಾಪರ್‌ಗೆ ಬಂದು, ಆಮೇಲೆ ಎಣಿಕೆ ಶುರುಮಾಡುತ್ತೇನೆ. ಅಷ್ಟೂ ಒಂದೇ ಓಟದ ವಿಡಿಯೊದಲ್ಲಿ ಇರಬೇಕು. ನಡುವೆ ತುಂಡಾದರೆ ಮತ್ತೆ ಗಂಟಿನಿಂದ.

ಎಣಿಕೆಯನ್ನು ಬಾಯಲ್ಲಿ ಹೇಳುತ್ತ ಹೋಗುತ್ತೇನೆ. ಪಕ್ಕದಲ್ಲಿ ದಾಖಲೆ ಬರೆಯುವ ಧಾರವಾಡದ ಹುಡುಗಿ ಅದನ್ನೇ ತಾನೂ ಎಣಿಸುತ್ತಾಳೆ. ‘ಸರ್, ನನ್ನ ಲೆಕ್ಕದಲ್ಲಿ ಹತ್ತೊಂಬತ್ತು’ ಎಂದರೆ ಇಬ್ಬರೂ ಹಿಂದಕ್ಕೆ ಹೋಗುತ್ತೇವೆ. ಎರಡು ಎಣಿಕೆ ಕೂಡದೆ ಅಳತೆ ಬರೆಯುವ ಹಾಗಿಲ್ಲ ಎಂಬುದು ಅವಳೇ ಮಾಡಿದ ನಿಯಮ, ಮತ್ತು ಅದು ಸರಿಯಾದ ನಿಯಮ. ಹತ್ತಕ್ಕೊಂದು ಕೊಂಡಿಗೆ ರೋಬೋಟ್‌ನ ಕೈಯಿಂದ ಬಣ್ಣದ ಗುರುತುಪಟ್ಟಿ ಸಿಕ್ಕಿಸುತ್ತೇವೆ.

ಅಳೆಯುವ ಕೊಂಡಿಗಳನ್ನು ಮಾತ್ರ ಉಜ್ಜುತ್ತೇನೆ. ಎಲ್ಲ ಕೊಂಡಿಗಳನ್ನೂ ಹೊಳೆಯುವ ಹಾಗೆ ಉಜ್ಜಿದರೆ ಚಿತ್ರ ಚೆನ್ನಾಗಿ ಬರಬಹುದು, ಆದರೆ ಹೊಸ ಉಕ್ಕು ಉಪ್ಪುನೀರಿಗೆ ತೆರೆದುಕೊಳ್ಳುತ್ತದೆ. ಬ್ರಷ್‌ನಿಂದ ಗಟ್ಟಿ ಬೆಳವಣಿಗೆ ಹೋದ ಮೇಲೆ, ಎರಡು ಕೊಂಡಿಗಳು ಒಂದನ್ನೊಂದು ಕಚ್ಚಿಕೊಂಡಿರುವ ಜಾಗದಲ್ಲಿ ಕ್ಯಾಲಿಪರ್ ಹಿಡಿದು ಎರಡರ ದಪ್ಪವನ್ನೂ ಸೇರಿಸಿ ಅಳೆಯುತ್ತೇವೆ. ಹೊಸದಾಗಿದ್ದಾಗ 76ರ ಎರಡರಷ್ಟು, 152 ಮಿಲಿಮೀಟರ್ ಬರಬೇಕಾದ ಅಳತೆ ಅದು. ಹಿಡಿಯುವ ಕೋನ ತುಸು ಓರೆಯಾದರೂ ಅಂಕಿ ಹೆಚ್ಚು ತೋರಿಸುತ್ತದೆ, ಸವೆತ ಮುಚ್ಚಿಹೋಗುತ್ತದೆ. ಆದ್ದರಿಂದ ಒಂದೇ ಜಾಗದಲ್ಲಿ ಕ್ಯಾಲಿಪರ್ ತೆಗೆದು ಮತ್ತೆ ಹಚ್ಚಿ ಹಲವು ಸಲ ಓದುತ್ತೇವೆ. ಅತಿ ಕಡಿಮೆ ಬಂದ ಓದು ಮತ್ತೊಮ್ಮೆ ಬಂದರೆ ಮಾತ್ರ ಅದನ್ನು ಬರೆಯುತ್ತೇವೆ. ದೋಣಿಗೆ ಬಂದ ಮೇಲೆ ಅಳತೆ ಗೊತ್ತಿರುವ ಉಕ್ಕಿನ ತುಂಡಿನ ಮೇಲೆ ಕ್ಯಾಲಿಪರ್ ಇಟ್ಟು, ಅದು ಕೆಳಗಿನ ಹೊಡೆತಕ್ಕೆ ಬಾಗಿಲ್ಲವೆಂದು ನೋಡಿಕೊಳ್ಳುತ್ತೇವೆ.

ಸರಪಳಿಯ ಕೋನ ತಿಳಿಯಲು ದುಬಾರಿ ಉಪಕರಣಗಳಿವೆ. ನಾನು ಅವುಗಳ ಜೊತೆಗೆ ಒಂದು ಸರಳ ಲೆಕ್ಕವನ್ನೂ ಮಾಡುತ್ತೇನೆ. ಸರಪಳಿಯಲ್ಲಿ ಒಂದು ಕೊಂಡಿ ಆಕ್ರಮಿಸುವ ಉದ್ದ ಅದರ ದಪ್ಪದ ನಾಲ್ಕರಷ್ಟು. 76 ಮಿಲಿಮೀಟರ್ ಸರಪಳಿಯಲ್ಲಿ 20 ಕೊಂಡಿ ಎಂದರೆ 6 ಮೀಟರ್‌ಗಿಂತ ತುಸು ಹೆಚ್ಚು. ಒಂದು ಗುರುತುಪಟ್ಟಿಯಿಂದ 20 ಕೊಂಡಿ ಆಚೆಯ ಗುರುತುಪಟ್ಟಿಗೆ ರೋಬೋಟ್‌ನ ಆಳಮಾಪಕ 4.9 ಮೀಟರ್ ವ್ಯತ್ಯಾಸ ತೋರಿಸಿದರೆ ಸರಪಳಿ ಸಮತಲಕ್ಕೆ ಸುಮಾರು 54 ಡಿಗ್ರಿ ಓರೆಯಲ್ಲಿದೆ ಎಂದಾಯಿತು. ಅಲೆಗೆ ಆಳ ಏರಿಳಿಯುವುದರಿಂದ ಪ್ರತಿ ಗುರುತಿನಲ್ಲೂ ಸ್ವಲ್ಪ ಹೊತ್ತು ನಿಂತು ಸರಾಸರಿ ತೆಗೆಯಬೇಕು. ಎದುರುಬದುರು ಸರಪಳಿಗಳ ಕೋನ ಹೋಲಿಸಿದಾಗ ಒಂದು ಸಡಿಲವಾಗಿ ಇನ್ನೊಂದು ಬಿಗಿಯಾಗಿದ್ದರೆ, ಯಾವುದೋ ಲಂಗರು ಜರುಗಿರಬಹುದು ಎಂಬ ಸೂಚನೆ. ಮೇ 2021ರ ತೌಕ್ತೆ ಚಂಡಮಾರುತದಲ್ಲಿ ಈ ಕ್ಷೇತ್ರಗಳ ನಡುವೆಯೇ ಲಂಗರು ಕಳೆದುಕೊಂಡ ಪಿ-305 ಎಂಬ ಕೆಲಸಗಾರರ ವಸತಿ ಬಾರ್ಜ್ ಮುಳುಗಿತು, ಎಷ್ಟೋ ಮನೆಗಳ ದೀಪ ಆರಿತು. ಅದಾದ ಮೇಲೆ ಈ ಲೆಕ್ಕವನ್ನು ನಾನು ಯಾವ ಅವಸರದಲ್ಲೂ ಬಿಟ್ಟಿಲ್ಲ.

ತುಕ್ಕಿನಿಂದ ಕಾಪಾಡಲು ಬೋಯಾದ ಅಡಿಗೆ ಲೋಹದ ಗಟ್ಟಿಗಳಾದ ಆನೋಡ್‌ಗಳನ್ನು ಹಚ್ಚಿರುತ್ತಾರೆ. ಉಕ್ಕಿನ ಬದಲು ಅವು ಕರಗುತ್ತವೆ. ರಕ್ಷಣೆ ಸಾಕಷ್ಟಿದೆಯೇ ಎಂದು ನೋಡಲು ಮೊನೆಯಿರುವ ಪ್ರೋಬ್ ಚುಚ್ಚಿ ವೋಲ್ಟೇಜ್ ಓದುತ್ತೇವೆ. ಪ್ರೋಬ್ ಒಳಗಿನ ಬೆಳ್ಳಿ-ಬೆಳ್ಳಿ ಕ್ಲೋರೈಡ್ ಎಲೆಕ್ಟ್ರೋಡ್‌ಗೆ ಹೋಲಿಸಿದಾಗ ಉಕ್ಕು ಮೈನಸ್ 800 ಮಿಲಿವೋಲ್ಟ್ ಅಥವಾ ಅದಕ್ಕಿಂತ ಹೆಚ್ಚು ಋಣವಾಗಿರಬೇಕು. ಪ್ರೋಬ್ ಇಳಿಸುವ ಮೊದಲು ಬಕೆಟ್‌ನಲ್ಲಿ ಸಮುದ್ರದ ನೀರು ತುಂಬಿ, ಅದರಲ್ಲಿ ಸತುವಿನ ತುಂಡು ಇಟ್ಟು ಓದುತ್ತೇವೆ. ಮೈನಸ್ 1030ರ ಆಸುಪಾಸು ಬಂದರೆ ಪ್ರೋಬ್ ನೆಟ್ಟಗಿದೆ. ಮೇಲೆ ಬಂದ ಮೇಲೆ ಮತ್ತೆ ಅದೇ ಬಕೆಟ್. ಎರಡು ಓದು ಕೂಡದಿದ್ದರೆ ಆ ಇಳಿತದ ಅಂಕಿಗಳನ್ನೆಲ್ಲ ಕೈಬಿಡುತ್ತೇವೆ. ಕೆಳಗೆ ಅಂಕಿ ಅಲುಗಾಡುತ್ತಿದ್ದರೆ ಮೊನೆ ಲೋಹ ಮುಟ್ಟಿಲ್ಲ, ಬಾರ್ನಕಲ್ ಮೇಲೆ ಕುಳಿತಿದೆ ಎಂದರ್ಥ.

ತಳದ ಕೆಲಸ ದೊಡ್ಡ ಹಡಗಿನವರದು. ಕೆಸರು ಎದ್ದರೆ ಅಲ್ಲಿ ಕ್ಯಾಮೆರಾಕ್ಕೆ ಏನೂ ಕಾಣುವುದಿಲ್ಲ, ಸದ್ದಿನ ಪ್ರತಿಧ್ವನಿಯಿಂದ ನೋಡುವ ಸೋನಾರ್ ನೆಚ್ಚಿಕೊಂಡೇ ಹೋಗಬೇಕು. ಮಣ್ಣಿನಲ್ಲಿ ಹೂತ ಸರಪಳಿಯ ಬಗ್ಗೆ ‘ಕಾಣಲಿಲ್ಲ’ ಎಂದು ಬರೆಯಬೇಕೇ ಹೊರತು ‘ಸರಿಯಿದೆ’ ಎಂದು ಬರೆಯಬಾರದು. ಹೋಸ್‌ಗಳ ಬೋಲ್ಟ್ ಬಿಗಿತದಂಥ ಕೆಲವು ವಿಷಯಗಳಿಗೆ ಮುಳುಗುಗಾರರ ಕೈಯೇ ಬೇಕು. ರೋಬೋಟ್ ಅವರ ಜಾಗ ತೆಗೆದುಕೊಂಡಿದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅವರು ಇಳಿಯಬೇಕಾದ ಸಂದರ್ಭಗಳನ್ನು ಕಡಿಮೆ ಮಾಡಿದೆ, ಅಷ್ಟೇ.

ಈ ಸಲ ನೋಡಿದ ಬೋಯಾದ ಹಿಂದಿನ ವರದಿಗಳಲ್ಲೊಂದನ್ನು ತೆರೆದಾಗ ‘ಮಧ್ಯಮ ಸವೆತ, ತೃಪ್ತಿಕರ’ ಎಂಬ ಸಾಲಿನ ಹೊರತು ಅಂಕಿಯೇ ಇರಲಿಲ್ಲ. ಅಷ್ಟು ಖರ್ಚು ಮಾಡಿ, ಅಷ್ಟು ಜನರನ್ನು ಸಮುದ್ರಕ್ಕೆ ಕಳಿಸಿ, ಮುಂದೆ ಬರುವವರಿಗೆ ಹೋಲಿಸಲು ಒಂದು ಅಂಕಿಯನ್ನೂ ಉಳಿಸದಿರುವುದು ನನಗೆ ಸಿಟ್ಟು ತರಿಸುತ್ತದೆ. ಅದೃಷ್ಟಕ್ಕೆ ಅದಕ್ಕೂ ಹಿಂದಿನ ವರದಿಯಲ್ಲಿ ಕೊಂಡಿಯ ಸಂಖ್ಯೆಸಹಿತ ಅಳತೆಗಳಿದ್ದವು. ಅವುಗಳ ಪಕ್ಕದಲ್ಲಿ ನಮ್ಮವನ್ನು ಇಟ್ಟಾಗ ನಾಲ್ಕನೆಯ ಸರಪಳಿಯ ಮೇಲಿನ ಕೊಂಡಿಗಳು ಉಳಿದ ಐದಕ್ಕಿಂತ ಬೇಗ ಸವೆಯುತ್ತಿರುವುದು ಸ್ಪಷ್ಟವಾಯಿತು. ಕೋನದ ಲೆಕ್ಕದಲ್ಲೂ ಅದೇ ಸರಪಳಿ ಎದುರಿನದಕ್ಕಿಂತ ಬಿಗಿ. ಬದಲಿಸಬೇಕೇ, ಬಿಗಿತ ಸರಿಪಡಿಸಬೇಕೇ ಎಂಬುದನ್ನು ವಿನ್ಯಾಸದ ಎಂಜಿನಿಯರುಗಳು ಮತ್ತು ಹಡಗು, ಬೋಯಾಗಳ ಸುರಕ್ಷತೆಗೆ ಪ್ರಮಾಣಪತ್ರ ಕೊಡುವ ವರ್ಗೀಕರಣ ಸಂಸ್ಥೆಯವರು ತೀರ್ಮಾನಿಸುತ್ತಾರೆ. ಮಳೆಗಾಲ ಮುಗಿದೊಡನೆ ಮೊದಲು ಆ ಕೊಂಡಿಗಳನ್ನೇ ಅಳೆಯಬೇಕೆಂದು ವರದಿಯಲ್ಲಿ ಬರೆದಿದ್ದೇನೆ. ಜೊತೆಗೆ ಗುರುತುಪಟ್ಟಿಗಳ ಬಣ್ಣ, ಎಣಿಕೆ ಎಲ್ಲಿಂದ ಶುರು, ಕ್ಯಾಲಿಪರ್ ಯಾವುದು, ಪ್ರತಿ ಅಳತೆ ವಿಡಿಯೊದ ಯಾವ ನಿಮಿಷದಲ್ಲಿದೆ ಎಂಬ ಪಟ್ಟಿಯನ್ನೂ ಲಗತ್ತಿಸಿದ್ದೇನೆ. ಮುಂದಿನ ಸಲ ಹೋಗುವ ತಂಡ ನಮ್ಮದೇ ಆಗಿರಬೇಕೆಂದೇನಿಲ್ಲ.