ಟಿವಿ ಆಫ್ ಮಾಡೋ ಹೊತ್ತಿನ ರಂಪ ನಮ್ಮನೇಲಿ ಹೇಗೆ ಕಮ್ಮಿ ಆಯ್ತು

ಮಕ್ಕಳು ಎಷ್ಟು ಹೊತ್ತು ಸ್ಕ್ರೀನ್ ನೋಡ್ಬೇಕು ಅಂತ ಎಲ್ರೂ ಹೇಳ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ, ವರ್ಷ ತುಂಬದ ಮಕ್ಕಳಿಗೆ ಬೇಡವೇ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು, ಅದಕ್ಕಿಂತ ಕಮ್ಮಿ ಆದಷ್ಟೂ ಒಳ್ಳೇದು ಅಂತ. ಸರಿ. ಆದ್ರೆ ಆ ಒಂದು ಗಂಟೆ ಮುಗಿಯುತ್ತಲ್ಲ, ಆಗ ಮಗು ನೆಲಕ್ಕೆ ಬಿದ್ದು ಹೊರಳಾಡುತ್ತಲ್ಲ, ಅವಾಗ ಏನ್ ಮಾಡೋದು? ನನಗೆ ಚಿಂತೆ ಇದ್ದಿದ್ದು ಅದೇ. ನನ್ನ ಮಗಳಿಗೆ ನಾಲ್ಕು ವರ್ಷ, ಮಗನಿಗೆ ಒಂಬತ್ತು. ನಮ್ಮನೇಲಿ ಏನೇನು ಮಾಡಿದ್ವಿ ಅಂತ ಬರೀತಿದೀನಿ, ಯಾರಿಗಾದ್ರೂ ಉಪಯೋಗ ಆಗಬಹುದು.

ನಾನು ಮೊದಲು ಕೈ ಹಾಕಿದ್ದು ನಿಮಿಷಕ್ಕಲ್ಲ, ನಿಲ್ಲಿಸೋ ಜಾಗಕ್ಕೆ. ಯಾಕಂದ್ರೆ ಗಮನ ಇಟ್ಟು ನೋಡಿದಾಗ ಗೊತ್ತಾಯ್ತು, ಮಗಳು ಅಳ್ತಿದ್ದಿದ್ದು ಟಿವಿ ಆಫ್ ಆಯ್ತು ಅಂತ ಅಷ್ಟೇ ಅಲ್ಲ, ಕಥೆ ಅರ್ಧಕ್ಕೇ ನಿಂತೋಯ್ತು ಅಂತ. ದೊಡ್ಡವರು ಪುಸ್ತಕ ಓದ್ತಾ ಇದ್ದಾಗ ಯಾರಾದ್ರೂ ಬಂದು ಕಿತ್ಕೊಂಡ್ರೆ ಕೋಪ ಬರಲ್ವಾ? ಯೂಟ್ಯೂಬ್‌ನಲ್ಲಿ ಆಟೋಪ್ಲೇ ಆನ್ ಇದ್ರೆ ಒಂದು ವಿಡಿಯೋ ಮುಗಿದು ಉಸಿರು ಬಿಡೋ ಹೊತ್ತಿಗೆ ಇನ್ನೊಂದು ಶುರು, ಶಾರ್ಟ್ಸ್ ಅಂತೂ ಮುಗಿಯೋ ಮಾತೇ ಇಲ್ಲ, ಬೆರಳು ಆಡಿಸ್ತಾ ಇದ್ರೆ ಬರ್ತಾನೇ ಇರತ್ತೆ. ಅಂದ್ರೆ ಮಗುಗೆ 'ಮುಗೀತು' ಅನ್ನೋ ಅನುಭವವೇ ಸಿಗಲ್ಲ, ಯಾವಾಗ ನಿಲ್ಸಿದ್ರೂ ಅದು ಅಮ್ಮ ಕಿತ್ಕೊಂಡ ಹಾಗೇನೇ.

ಇದರ ಬಗ್ಗೆ ವಾಷಿಂಗ್ಟನ್ ಯೂನಿವರ್ಸಿಟಿಯವರು 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು, ಐದು ವರ್ಷದ ಒಳಗಿನ ಮಕ್ಕಳಿರೋ ಮನೆಗಳನ್ನ ನೋಡಿ. 'ಇನ್ನು ಎರಡೇ ನಿಮಿಷ' ಅಂತ ಮುಂಚೆ ಹೇಳಿ ನಿಲ್ಲಿಸಿದಾಗ ರಂಪ ಕಮ್ಮಿ ಆಗೋ ಬದಲು ಜಾಸ್ತಿ ಆಗ್ತಿತ್ತಂತೆ, ಅದೇ ವಿಡಿಯೋ ತಾನಾಗೇ ಮುಗಿಯೋ ಕಡೆ ನಿಲ್ಸಿದ್ರೆ ಸಲೀಸಂತೆ. ಓದಿದಾಗ ನಮ್ಮನೆ ವಿಷಯಾನೇ ಬರೆದಿದಾರೆ ಅನ್ನಿಸ್ತು.

ಹಾಗಾಗಿ ಆಟೋಪ್ಲೇ ಆಫ್ ಮಾಡಿದೆ. ಮೊಬೈಲಲ್ಲಿ ವಿಡಿಯೋ ಕೊಡೋದೇ ನಿಲ್ಸಿ ಟಿವಿಗೆ ತಂದ್ವಿ, ಯಾಕಂದ್ರೆ ಮೊಬೈಲ್ ಮಗು ಜೊತೆ ಸೋಫಾ ಕೆಳಗೆ, ಹಾಸಿಗೆ ಒಳಗೆ ಎಲ್ಲಾ ಕಡೆ ಹೋಗತ್ತೆ, ಟಿವಿ ಇದ್ದ ಜಾಗದಲ್ಲೇ ಇರತ್ತೆ, ಏನ್ ಬರ್ತಿದೆ ಅಂತ ನಮಗೂ ಕಾಣತ್ತೆ. ಶುರು, ಮಧ್ಯ, ಕೊನೆ ಇರೋ ಕಾರ್ಟೂನ್ ಮಾತ್ರ, ಎಷ್ಟು ಎಪಿಸೋಡ್ ಅಂತ ಮೊದಲೇ ಅವಳ ಹತ್ರಾನೇ ಹೇಳಿಸಿ ಹಾಕೋದು. ಕೊನೇ ಸ್ವಲ್ಪ ಹೊತ್ತು ನಾನೋ ಅವರಪ್ಪನೋ ಹೋಗಿ ಪಕ್ಕದಲ್ಲಿ ಕೂತ್ಕೋತೀವಿ. 'ಆಫ್ ಮಾಡು' ಅಂತ ಹೇಳೋಕಲ್ಲ, ಸುಮ್ನೆ. 'ಅದ್ಯಾಕೆ ಆ ಮೊಲ ಓಡ್ತಿದೆ?' ಅಂತ ಕೇಳಿದ್ರೆ ಅವಳು ಕಣ್ಣು ಟಿವಿ ಮೇಲೇ ಇಟ್ಟು ವಿವರಿಸ್ತಾಳೆ, ಆ ಮಾತಲ್ಲೇ ಅರ್ಧ ಆಚೆ ಬಂದಿರ್ತಾಳೆ. ಕೊನೇ ಮ್ಯೂಸಿಕ್ ಬಂದು ಹೆಸರುಗಳು ಓಡೋಕೆ ಶುರುವಾದ್ರೆ ಅವಳೇ ಎದ್ದು ಹೋಗಿ, ತುದಿಗಾಲಲ್ಲಿ ನಿಂತು, ನಾಲಿಗೆ ಕಚ್ಕೊಂಡು ಟಿವಿ ಬದೀಲಿರೋ ಬಟನ್ ಒತ್ತುತ್ತಾಳೆ. ಬಟನ್ ಒತ್ತೋ ಕೆಲಸ ಅವಳದ್ದೇ, ಬೇರೆ ಯಾರೂ ಒತ್ತಂಗಿಲ್ಲ. ಈ ಒಂದು ವಿಷಯದಿಂದ ಆದ ಬದಲಾವಣೆ ನೋಡಿದ್ರೆ ನನಗೆ ಈಗಲೂ ಖುಷಿ ಆಗತ್ತೆ.

ಆದ್ರೆ ಆಫ್ ಆದ್ಮೇಲೆ ಮುಂದೇನು ಅನ್ನೋದು ರೆಡಿ ಇರ್ಬೇಕು, ಇಲ್ಲಾಂದ್ರೆ ಮತ್ತೆ ಅಳು. ದೊಡ್ಡದೇನೂ ಬೇಡ, ಗಿಡಕ್ಕೆ ನೀರು ಹಾಕೋದು, ಒಣಗಿದ ಬಟ್ಟೇಲಿ ಸಾಕ್ಸ್ ಜೋಡಿ ಹುಡುಕೋದು, ಹೊರಗೆ ಹೋಗೋದು. ಹೊರಗಿನ ಬೆಳಕಲ್ಲಿ ಆಡೋ ಮಕ್ಕಳಿಗೆ ಸಮೀಪದೃಷ್ಟಿ ದೋಷ, ಅಂದ್ರೆ ದೂರದ್ದು ಮಸುಕಾಗಿ ಕಾಣೋ ತೊಂದರೆ, ಬರೋದು ಕಮ್ಮಿ ಅಂತ ಕಣ್ಣಿನ ಡಾಕ್ಟರ್‌ಗಳು ಹೇಳ್ತಾರೆ, ಅದಕ್ಕೆ ಆದಷ್ಟು ಹೊರಗೇ ಕಳಿಸ್ತೀವಿ.

ಮಗನದ್ದು ಬೇರೆ ಕಥೆ. ಅವನಿಗೆ ಗೇಮ್. ಟ್ಯಾಬಲ್ಲಿ ಫ್ಯಾಮಿಲಿ ಲಿಂಕ್ (ಮಕ್ಕಳ ಸ್ಕ್ರೀನ್ ಟೈಮಿಗೆ ಮಿತಿ ಹಾಕೋ ಗೂಗಲ್ ಆ್ಯಪ್) ಹಾಕಿ ಟೈಮ್ ಫಿಕ್ಸ್ ಮಾಡಿದ್ವಿ, ಟೈಮ್ ಆದ ತಕ್ಷಣ ಲಾಕ್ ಆಗತ್ತೆ, ಅವನು ಕಿರುಚಾಡೋನು. ಕೂತು ಕೇಳಿದ್ರೆ ಅವನು ಹೇಳಿದ್ದು ನ್ಯಾಯಾನೇ ಆಗಿತ್ತು: 'ಅಮ್ಮಾ, ಮ್ಯಾಚ್ ಮಧ್ಯದಲ್ಲಿ ಬಿಟ್ರೆ ನನ್ನ ಟೀಮು ಸೋಲತ್ತೆ, ನಾಳೆ ಅವ್ರು ನನ್ನ ಸೇರಿಸ್ಕೊಳಲ್ಲ.' ಅದಕ್ಕೆ ನಿಮಿಷದ ಲೆಕ್ಕ ಬಿಟ್ಟು ಮ್ಯಾಚ್ ಲೆಕ್ಕಕ್ಕೆ ಬಂದ್ವಿ, ಇಷ್ಟು ಮ್ಯಾಚ್ ಅಂತ ಮೊದಲೇ ಮಾತು, ಹೊಸ ಮ್ಯಾಚ್ ಶುರು ಮಾಡೋ ಮುಂಚೆ ಗಡಿಯಾರ ನೋಡೋದು ಅವನ ಜವಾಬ್ದಾರಿ. ಲಾಕ್ ಟೈಮನ್ನ ಸ್ವಲ್ಪ ಮುಂದಕ್ಕೆ ಹಾಕಿಟ್ಟಿದೀವಿ, ಅಲ್ಲಿತನಕ ಹೋಗೋದು ಅಪರೂಪ.

ನಮ್ಮಿಬ್ಬರ ಫೋನ್ ವಿಷಯಾನೂ ಹೇಳ್ಲೇಬೇಕು. ಚಾರ್ಜರ್‌ಗಳನ್ನೆಲ್ಲ ಮಲಗೋ ಕೋಣೆಯಿಂದ ತೆಗೆದು ಹಾಲಲ್ಲಿ ಒಂದು ಕಡೆ ಹಾಕಿದೀವಿ, ರಾತ್ರಿ ಊಟಕ್ಕೆ ಕೂರೋ ಮುಂಚೆ ಎಲ್ಲಾ ಫೋನೂ ಅಲ್ಲಿಗೆ, ಬೆಳಿಗ್ಗೆ ಅಲಾರಂಗೆ ಬೇರೆ ಗಡಿಯಾರ ತಂದ್ವಿ. ಆಫೀಸ್ ಕಾಲ್ ಬರತ್ತೆ ಅನ್ನೋ ದಿನ ಮಕ್ಕಳಿಗೆ ಮೊದಲೇ ಹೇಳ್ತೀನಿ, 'ಇವತ್ತು ಒಂದು ಕಾಲ್ ಬರೋದಿದೆ, ಅದಾದ್ಮೇಲೆ ಇಟ್ಬಿಡ್ತೀನಿ' ಅಂತ, ಆಮೇಲೆ ನಿಜವಾಗ್ಲೂ ಇಡ್ತೀನಿ. ಮಗ ಕಾಯ್ತಾ ಇರ್ತಾನೆ ಇಡ್ತಾಳಾ ಇಲ್ವಾ ಅಂತ.

ಜ್ವರ ಬಂದಾಗ, ದೂರದ ಪ್ರಯಾಣದಲ್ಲಿ ಇದೆಲ್ಲ ಸಡಿಲ ಆಗತ್ತೆ, ಬಿಡಿ. ಆದ್ರೆ ಆಗಲೂ ಆಟೋಪ್ಲೇ ಮಾತ್ರ ಆನ್ ಮಾಡಲ್ಲ, ಯಾವ ಫೋನ್ ಕೊಟ್ರೂ ಮೊದಲು ಅದು ಆಫ್ ಇದೆಯಾ ಅಂತ ನೋಡಿನೇ ಕೊಡೋದು, ಅಜ್ಜಿ ಫೋನಲ್ಲೂ ನಾನೇ ಕೂತು ಆಫ್ ಮಾಡಿಟ್ಟಿದೀನಿ.