ಹೊಸಬರಿಗೆ ಮಾರ್ಗದರ್ಶಿ: ಇವರು ಯಾವ ಗಾರ್ಸಿಯ?

ಸ್ಪೇನ್‌ಗೆ ಬಂದ ಮೊದಲ ವಾರದಲ್ಲೇ ನಿಮಗೆ ಇಬ್ಬರು ಮೂವರು ಗಾರ್ಸಿಯಗಳು ಸಿಗಬಹುದು. ಮನೆ ಮಾಲೀಕರು ಒಬ್ಬರು, ಮಗುವಿನ ಟೀಚರ್ ಇನ್ನೊಬ್ಬರು. ಸಂಬಂಧಿಕರಿರಬೇಕು ಅಂದುಕೊಳ್ಳಬೇಡಿ. ಈ ದೇಶದಲ್ಲಿ ಸುಮಾರು 14 ಲಕ್ಷ ಜನರ ಮೊದಲ ಅಡ್ಡಹೆಸರು ಗಾರ್ಸಿಯ. ಹೆಸರು ಕೇಳಿ ಊರು, ಮನೆತನ ಪತ್ತೆ ಹಚ್ಚುವ ನಮ್ಮ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

ಮೊದಲ ಅಡ್ಡಹೆಸರು ಅಂತ ಹೇಳಿದ್ದಕ್ಕೆ ಕಾರಣ ಇದೆ. ಇಲ್ಲಿಯವರಿಗೆ ಎರಡೆರಡು. ಸಾಮಾನ್ಯವಾಗಿ ಅಪ್ಪನದು ಮುಂದೆ, ಅಮ್ಮನದು ಹಿಂದೆ. 1999ರ ಕಾನೂನು ಬಂದ ಮೇಲೆ ಅಮ್ಮನದನ್ನೂ ಮುಂದೆ ಇಡಬಹುದು. ಅಪ್ಪ ಅಮ್ಮ ಇಬ್ಬರೂ ಗಾರ್ಸಿಯ ಆದರೆ ಮಗು ಗಾರ್ಸಿಯ ಗಾರ್ಸಿಯ! ಕವಿ ಫೆದೆರಿಕೊ ಗಾರ್ಸಿಯ ಲೋರ್ಕ ಅವರಿಗೆ ಗಾರ್ಸಿಯ ಬಂದದ್ದು ಅಪ್ಪನಿಂದ, ಲೋರ್ಕ ಬಂದದ್ದು ಅಮ್ಮನಿಂದ. ಗಾರ್ಸಿಯ ಅಂದರೆ ಯಾರು ಅಂತ ಗೊತ್ತಾಗಬೇಕಲ್ಲ, ಅದಕ್ಕೇ ಲೋರ್ಕ ಅನ್ನುವುದೇ ರೂಢಿ. ನೀವೂ ಫೋನಿನಲ್ಲಿ ನಂಬರ್ ಸೇವ್ ಮಾಡುವಾಗ ಎರಡನ್ನೂ ಬರೆದುಕೊಳ್ಳಿ.

ಮದುವೆಯಾದ ಮೇಲೆ ಹೆಂಗಸರು ಅಡ್ಡಹೆಸರು ಬದಲಿಸುವುದಿಲ್ಲ. ನಾನು ಪಕ್ಕದ ಮನೆಯಾಕೆಯನ್ನು ಗಂಡನ ಹೆಸರು ಹಿಡಿದು ಎರಡು ತಿಂಗಳು ‘ಸೆನ್ಯೋರ ಗಾರ್ಸಿಯ’ (ಶ್ರೀಮತಿ ಗಾರ್ಸಿಯ) ಅಂತ ಕರೆದಿದ್ದೆ. ಪಾಪ, ಅವರು ಸುಮ್ನೆ ನಗುತ್ತಿದ್ದರು.

ಉಚ್ಚಾರದಲ್ಲಿ ಒತ್ತು ನಡುವೆ ಬೀಳುತ್ತದೆ: ಗಾರ್ಸೀಯ. ಮ್ಯಾಡ್ರಿಡ್ ಕಡೆಯವರು ‘ಸೀ’ ಅನ್ನುವಾಗ ನಾಲಿಗೆಯ ತುದಿ ಹಲ್ಲುಗಳ ನಡುವೆ ಬರುತ್ತದೆ. ಬಾರದಿದ್ದರೂ ಪರವಾಗಿಲ್ಲ, ಲ್ಯಾಟಿನ್ ಅಮೆರಿಕದವರು ಬರೀ ‘ಸೀ’ ಅನ್ನುತ್ತಾರೆ.

ಇಲ್ಲಿನ ಹಲವು ಅಡ್ಡಹೆಸರುಗಳ ಕೊನೆಯಲ್ಲಿ ‘ಎಸ್’ ಅನ್ನುವ ಬಾಲ ಇರುತ್ತದೆ: ಫರ್ನಾಂದೆಸ್ ಅಂದರೆ ಫರ್ನಾಂದೊನ ಮಗ, ರೊದ್ರೀಗೆಸ್ ಅಂದರೆ ರೊದ್ರೀಗೊನ ಮಗ. ನಮ್ಮ ಇನಿಷಿಯಲ್‌ನಲ್ಲಿ ಅಪ್ಪ ಕೂತಿರುವ ಹಾಗೇ ಅಲ್ವಾ? ಗಾರ್ಸಿಯ ಆ ಬಾಲವಿಲ್ಲದೆ ಉಳಿದ ಹೆಸರು. ಹಿಂದೆ ಅದು ವ್ಯಕ್ತಿಯ ಹೆಸರೇ ಆಗಿತ್ತು. ಉತ್ತರ ಸ್ಪೇನ್‌ನ ಹಳೆಯ ರಾಜ್ಯ ನವಾರ್ರದ ಹಲವು ರಾಜರಿಗೆ ಈ ಹೆಸರಿತ್ತು.

ಇನ್ನು ನಮ್ಮ ಪಾಡು. ಫಾರಂನಲ್ಲಿ ‘ನೊಂಬ್ರೆ’ ಅಂದರೆ ಹೆಸರು, ‘ಅಪೆಯ್ಯಿದೋಸ್’ ಅಂದರೆ ಅಡ್ಡಹೆಸರುಗಳು. ಎರಡನೇ ಖಾನೆ ತುಂಬಬೇಕು ಅಂತ ಊರಿನ ಹೆಸರನ್ನೋ ಅಮ್ಮನ ಹೆಸರನ್ನೋ ಹಾಕಬೇಡಿ. ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಬರೆಯಿರಿ. ಪುರಸಭೆಯ ನೋಂದಣಿ, ಬ್ಯಾಂಕ್, ಆರೋಗ್ಯ ಕಾರ್ಡ್ ಎಲ್ಲದರಲ್ಲೂ ಒಂದೇ ರೀತಿ ಇರಲಿ. ಕಟ್ಟಡದ ಕೆಳಗಿರುವ ನಿಮ್ಮ ಅಂಚೆ ಪೆಟ್ಟಿಗೆಯ ಮೇಲೆ ಗಂಡ ಹೆಂಡತಿ ಇಬ್ಬರ ಪೂರ್ತಿ ಹೆಸರೂ ಅಂಟಿಸಿ, ಇಲ್ಲದಿದ್ದರೆ ಕಾಗದ ವಾಪಸ್ ಹೋಗಬಹುದು.

ಆಸ್ಪತ್ರೆಯಲ್ಲಿ ಕಾಯುವಾಗ ಕಿವಿ ಅಡ್ಡಹೆಸರಿನ ಮೇಲೆ ಇರಲಿ. ಪಾಸ್‌ಪೋರ್ಟ್‌ನ ಆ ಜಾಗದಲ್ಲಿ ಅಪ್ಪನ ಹೆಸರಿದ್ದರೆ, ಅಪ್ಪನನ್ನು ಕೂಗಿದಾಗ ನೀವೇ ಎದ್ದು ಹೋಗಬೇಕು.