ಹೈಕೋರ್ಟಿನಲ್ಲಿ ಕೇಸು ರದ್ದು, ಠಾಣೆಯಲ್ಲಿ ಬಾಕಿ: ಆರನೇ ನಮೂನೆಯ ಬೆನ್ನು ಹತ್ತಿದ ನನ್ನ ಅನುಭವ

ಪೊಲೀಸ್ ಕಂಪ್ಯೂಟರಿಗೆ ಒಮ್ಮೆ ಸೇರಿದ ಹೆಸರು ಹೊರಗೆ ಬರುವುದಿಲ್ಲ ಎಂದು ನನಗೆ ಹೇಳದವರಿಲ್ಲ. ಭಾವ ಹೇಳಿದರು, ಮಾಟುಂಗದ ವಕೀಲರೊಬ್ಬರು ಹೇಳಿದರು. ಅರವತ್ತು ಸಾವಿರ ಕೊಟ್ಟರೆ ಒಳಗಿನಿಂದಲೇ ಅಳಿಸಿಕೊಡುತ್ತೇನೆ ಎಂದ ಏಜೆಂಟನೂ ಮಾತು ಶುರು ಮಾಡಿದ್ದು ಹೀಗೆಯೇ. ಈಗ ಅಕ್ಕನ ಮಗನ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಬಂದಿದೆ, ಹುಡುಗ ದುಬೈಯಲ್ಲಿ ಕೆಲಸಕ್ಕೂ ಸೇರಿದ್ದಾನೆ. ಏಜೆಂಟನಿಗೆ ಒಂದು ಚಹಾ ಬಿಟ್ಟರೆ ಏನೂ ಸಿಗಲಿಲ್ಲ. ಮುಂಬೈಯಲ್ಲಿ ಹೋಟೆಲುಗಳ ಲೈಸೆನ್ಸು, ಕೋರ್ಟು, ವಾರ್ಡ್ ಕಚೇರಿ ಎಂದು ಓಡಾಡುವ ನಮ್ಮವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ರೋಜನಾಮೆ (ಕೋರ್ಟಿನ ದಿನದ ನಡಾವಳಿ), ಪುರ್ಸಿಸ್ (ಕೋರ್ಟಿಗೆ ಕೊಡುವ ಚಿಕ್ಕ ಲಿಖಿತ ಹೇಳಿಕೆ), ಆವಕ ಶಿಕ್ಕೆ (ಕಚೇರಿಯ ಸ್ವೀಕೃತಿ ಮೊಹರು) ಇವನ್ನೆಲ್ಲ ಇದಕ್ಕಿಂತ ಹೆಚ್ಚು ವಿವರಿಸಲು ಹೋಗುವುದಿಲ್ಲ.

ಹುಡುಗನ ಮೇಲಿದ್ದ ಕೇಸು ಸಣ್ಣದು. 2019ರಲ್ಲಿ ನಮ್ಮ ಹೋಟೆಲಿನ ಕೌಂಟರಿನ ಮುಂದೆ ಬಿಲ್ಲಿನ ವಿಷಯಕ್ಕೆ ಹೊಡೆದಾಟ. ಐಪಿಸಿ 324 (ಅಪಾಯಕಾರಿ ಆಯುಧದಿಂದ ಗಾಯ), 504 (ಕೆಣಕುವ ಅವಮಾನ), 34 (ಸಮಾನ ಉದ್ದೇಶ). ಒಂದು ರಾತ್ರಿ ಲಾಕಪ್ಪು, ಬೆರಳಚ್ಚು, ಫೋಟೊ, ಮರುದಿನ ಜಾಮೀನು, ಕೆಲವು ತಿಂಗಳ ನಂತರ ಚಾರ್ಜ್‌ಶೀಟು. ದೂರು ಕೊಟ್ಟವರು ಆಮೇಲೆ ನಮ್ಮಲ್ಲಿಗೇ ಊಟಕ್ಕೆ ಬರುವಷ್ಟು ಹತ್ತಿರವಾದರು. ಆದರೆ 324 ರಾಜಿಯಾಗುವ ಕಲಂ ಅಲ್ಲ, ಲೋಕ ಅದಾಲತ್ತಿನಲ್ಲಿ ಮುಗಿಸುವಂತಿಲ್ಲ. ಇಂಥವಕ್ಕೆ ಸುಪ್ರೀಂ ಕೋರ್ಟು 2012ರಲ್ಲಿ ಗ್ಯಾನ್ ಸಿಂಗ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದ ದಾರಿಯೇ ಗತಿ: ದೂರುದಾರರ ಒಪ್ಪಿಗೆಯ ಅಫಿಡವಿಟ್ಟಿನೊಂದಿಗೆ ಹೈಕೋರ್ಟಿಗೆ ಸಿಆರ್‌ಪಿಸಿಯ (ಹಳೆಯ ದಂಡ ಪ್ರಕ್ರಿಯಾ ಸಂಹಿತೆ) 482ನೇ ಕಲಮಿನಡಿ ಕೇಸು ರದ್ದು ಮಾಡಿ ಎಂಬ ಅರ್ಜಿ. ವಕೀಲರಿಗೆ ನಲವತ್ತು-ನಲವತ್ತೈದು ಸಾವಿರ, ಕೋರ್ಟಿನ ಆದೇಶದಂತೆ ಕಲ್ಯಾಣ ನಿಧಿಗೆ ಹತ್ತು ಸಾವಿರ. 2022ರಲ್ಲಿ ಎಫ್‌ಐಆರ್ ರದ್ದಾಯಿತು, ಪೇಡೆ ಹಂಚಿದೆವು.

ಎರಡು ವರ್ಷ ಬಿಟ್ಟು ಪಾಸ್‌ಪೋರ್ಟ್ ಕಚೇರಿಗೆ ಐನೂರು ರೂಪಾಯಿ ಕಟ್ಟಿ ಸರ್ಟಿಫಿಕೇಟಿಗೆ ಅರ್ಜಿ ಹಾಕಿದರೆ ಪೊಲೀಸ್ ವರದಿ ಪ್ರತಿಕೂಲ. ಕಾರಣ, ಪ್ರಕರಣ ಬಾಕಿ ಇದೆ!

ಹೆಸರು ಎಲ್ಲೆಲ್ಲಿ ಕುಳಿತಿದೆ ಎಂದು ಮೊದಲು ಹುಡುಕಿದೆ. 2016ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಕೊಟ್ಟ ನಿರ್ದೇಶನದ ನಂತರ ಲೈಂಗಿಕ ಅಪರಾಧ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದ ಎಫ್‌ಐಆರ್‌ಗಳೆಲ್ಲ ಇಪ್ಪತ್ತನಾಲ್ಕು ಗಂಟೆಯೊಳಗೆ ಜಾಲತಾಣಕ್ಕೆ ಏರಬೇಕು. ಬಂಧಿತರ ಹೆಸರು, ವಿಳಾಸವನ್ನು ಪ್ರಕಟಿಸಬೇಕು ಎಂಬುದು ಹಳೆಯ ಸಿಆರ್‌ಪಿಸಿಯ 41ಸಿಯಲ್ಲೇ ಇತ್ತು; ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 37ನೇ ಕಲಮಿನಲ್ಲಿ ಡಿಜಿಟಲ್ ರೂಪದಲ್ಲೂ ತೋರಿಸಬೇಕೆಂದು ಸೇರಿದೆ. ಕೋರ್ಟುಗಳ ಸರ್ಕಾರಿ ಜಾಲತಾಣ ಇ-ಕೋರ್ಟ್ಸ್‌ನಲ್ಲಂತೂ ಹೆಸರು ಮತ್ತು ವರ್ಷ ಹಾಕಿದರೆ ಯಾರು ಬೇಕಾದರೂ ನೋಡಬಹುದು. ಅಲ್ಲಿ ನಮ್ಮ ಹುಡುಗನ ಕೇಸಿನ ಮುಂದೆ ಇನ್ನೂ ಮುಂದಿನ ತಾರೀಕು ಬೀಳುತ್ತಲೇ ಇತ್ತು! ಹೈಕೋರ್ಟು ರದ್ದು ಮಾಡಿದ್ದು ಮ್ಯಾಜಿಸ್ಟ್ರೇಟ್ ಕೋರ್ಟಿನ ಕಡತಕ್ಕೆ ತಲುಪಿರಲಿಲ್ಲ.

ಮೊದಲು ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಹತ್ತು ರೂಪಾಯಿಯ ಸ್ಟಾಂಪು. ಮಹಾರಾಷ್ಟ್ರದಲ್ಲಿ ನೂರೈವತ್ತು ಪದ ಮೀರುವಂತಿಲ್ಲ, ಒಂದೇ ವಿಷಯ ಇರಬೇಕು. ತಿಂಗಳು ಕಳೆದು ಬಂದ ಉತ್ತರ ಒಂದು ಸಾಲು: ಪ್ರಕರಣ ನ್ಯಾಯಪ್ರವಿಷ್ಟ, ಅಂದರೆ ಕೋರ್ಟಿನಲ್ಲಿ ಬಾಕಿ ಇದೆ. ಇಪ್ಪತ್ತು ರೂಪಾಯಿಯ ಮೊದಲ ಮೇಲ್ಮನವಿಯೂ ದಂಡ. ಕಮಿಷನರ್ ಕಚೇರಿಗೆ ಹೋದ ಇಮೇಲುಗಳಿಗೆ ಸ್ವಯಂಚಾಲಿತ ಸ್ವೀಕೃತಿ ಬಿಟ್ಟು ಬೇರೇನೂ ಬರಲಿಲ್ಲ. ವಕೀಲರ ನೋಟಿಸಿಗೆ ಹೋದ ಮೂರೂವರೆ ಸಾವಿರ ಹೊಟ್ಟೆ ಉರಿಸಿತು, ಯಾಕೆಂದರೆ ಠಾಣೆಯವರು ಅದನ್ನು ಕಡತಕ್ಕೆ ಸೇರಿಸಿ ಸುಮ್ಮನಾದರು. ಆದರೂ ಮಾಹಿತಿ ಹಕ್ಕಿನ ಆ ಒಂದು ಸಾಲು ಆಮೇಲೆ ಕೆಲಸಕ್ಕೆ ಬಂತು. ರಿಜಿಸ್ಟರು ತಪ್ಪು ಹೇಳುತ್ತಿದೆ ಎಂಬುದಕ್ಕೆ ಅವರದೇ ಸಹಿ ಇದ್ದ ಸಾಕ್ಷಿ ಅದು.

ಗಂಟು ಬಿಚ್ಚಿದ್ದು ನಿವೃತ್ತ ಹವಾಲ್ದಾರರೊಬ್ಬರ ಮಾತಿನಿಂದ. ಪೊಲೀಸರ ಸಿಸಿಟಿಎನ್‌ಎಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಪ್ರತಿ ಕೇಸಿಗೂ ಏಳು ನಮೂನೆಗಳಿವೆ. ಒಂದನೆಯದು ಎಫ್‌ಐಆರ್, ಮೂರನೆಯದು ಬಂಧನ, ಐದನೆಯದು ಚಾರ್ಜ್‌ಶೀಟು ಅಥವಾ ಅಂತಿಮ ವರದಿ, ಆರನೆಯದು ಕೋರ್ಟಿನ ತೀರ್ಮಾನ. ಮೂರನೆಯದನ್ನು ಅದೇ ದಿನ ತುಂಬುತ್ತಾರೆ. ಐದನೆಯದನ್ನು ತುಂಬದಿದ್ದರೆ ಮೇಲಿನವರು ಕೇಳುತ್ತಾರೆ. ಆರನೆಯದು ಖಾಲಿ ಇದ್ದರೆ ಕೇಳುವವರಿಲ್ಲ. "ಅಳಿಸಿ ಎಂದು ಕೇಳಬೇಡಿ ಅಣ್ಣಾ. ಅಳಿಸುವ ಅಧಿಕಾರ ಠಾಣೆಯಲ್ಲಿ ಯಾರಿಗೂ ಇಲ್ಲ. ತುಂಬಿ ಎಂದು ಕೇಳಿ," ಎಂದರು ಅವರು. ಬೆಳಗಾವಿ ಕಡೆಯವರು, ಮೂವತ್ತು ವರ್ಷ ಈ ಊರಿನ ಠಾಣೆಗಳಲ್ಲಿ ಸವೆದವರು.

ಅಲ್ಲಿಂದ ನನ್ನ ದಾರಿ ಬದಲಾಯಿತು. ಹೈಕೋರ್ಟು ಆದೇಶದ ದೃಢೀಕೃತ ಪ್ರತಿಗಳನ್ನು ನಾಲ್ಕೈದು ತೆಗೆಸಿದೆ. ಒಂದನ್ನು ಪುರ್ಸಿಸ್ ಜೊತೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಕೊಟ್ಟು ಕಡತ ಮುಕ್ತಾಯ ಮಾಡಿಸಿದೆ; ಕೆಲವೇ ದಿನಗಳಲ್ಲಿ ಇ-ಕೋರ್ಟ್ಸ್‌ನಲ್ಲಿ 'ವಿಲೇವಾರಿ' ಎಂದು ಬಂತು. ಆ ರೋಜನಾಮೆಯ ದೃಢೀಕೃತ ಪ್ರತಿ, ಹೈಕೋರ್ಟು ಆದೇಶ, ಮಾಹಿತಿ ಹಕ್ಕಿನ ಉತ್ತರ ಇಷ್ಟನ್ನೂ ಹೊಲಿದು ವರಿಷ್ಠ ಪೊಲೀಸ್ ನಿರೀಕ್ಷಕರಿಗೆ ಮರಾಠಿಯಲ್ಲಿ ಒಂದು ಪುಟದ ಅರ್ಜಿ, ಪ್ರತಿ ಡಿಸಿಪಿಗೆ. ಎರಡಕ್ಕೂ ಆವಕ ಶಿಕ್ಕೆ. ಅರ್ಜಿಯ ಎರಡನೇ ಪ್ಯಾರಾದಲ್ಲಿ ಏನು ಬರೆದೆ ಎಂಬುದು ನನ್ನ ಬಳಿಯೇ ಇರಲಿ. ಠಾಣೆಯಲ್ಲಿ ಯಾವ ಮೇಜಿಗೆ ಯಾವ ಹೊತ್ತಿನಲ್ಲಿ ಹೋಗಬೇಕು ಎಂಬುದೂ ಅಷ್ಟೇ. ಲಂಚ ಕೊಡಲಿಲ್ಲ ಎಂದಷ್ಟು ಹೇಳಬಲ್ಲೆ. ಮೂರು ವಾರವೋ ನಾಲ್ಕೋ ಕಳೆದ ಮೇಲೆ ಆರನೇ ನಮೂನೆ ತುಂಬಿತು, ಹೊಸ ಅರ್ಜಿಗೆ ವರದಿ ಶುದ್ಧವಾಗಿ ಹೋಯಿತು. ಝೆರಾಕ್ಸು, ಸ್ಟಾಂಪು, ನಕಲು ಶುಲ್ಕ, ರೈಲು, ರಿಕ್ಷಾ ಎಲ್ಲ ಸೇರಿ ಈ ಹಂತಕ್ಕೆ ಎರಡು ಸಾವಿರದ ಒಳಗೆ.

ಕೈ ಹಾಕಿದ್ದೇ ಆಯಿತು ಎಂದು ಬೆರಳಚ್ಚಿಗೂ ಒಂದು ಅರ್ಜಿ ಬಿಟ್ಟೆ. 2022ರ ಗುರುತು ಕಾಯ್ದೆಯ ಪ್ರಕಾರ ಅಳತೆ, ಅಚ್ಚುಗಳು ಎಪ್ಪತ್ತೈದು ವರ್ಷ ಉಳಿಯುತ್ತವೆ. ಆದರೆ ಹಿಂದೆ ಶಿಕ್ಷೆ ಆಗಿರದವನು ವಿಚಾರಣೆಯಿಲ್ಲದೆ ಬಿಡುಗಡೆಯಾದರೆ ಅಥವಾ ಖುಲಾಸೆಯಾದರೆ, ಕೋರ್ಟು ಬೇಡ ಎನ್ನದ ಹೊರತು ನಾಶ ಮಾಡಬೇಕು. 1920ರ ಹಳೆಯ ಕಾಯ್ದೆಯ 7ನೇ ಕಲಮಿನಲ್ಲೂ ಇಂಥದ್ದೇ ಮಾತಿತ್ತು. ಎರಡನ್ನೂ ಬರೆದು ಕೊಟ್ಟಿದ್ದೇನೆ. ಉತ್ತರ ಬಂದಿಲ್ಲ, ಬಿಡುವವನು ನಾನಲ್ಲ.

ಇನ್ನೊಂದು ಪ್ರಯೋಗವನ್ನು ಕುತೂಹಲಕ್ಕೆ ಮಾಡಿದೆ. ನಮ್ಮ ಹೋಟೆಲು ಹುಡುಗರ ಹೆಸರುಗಳನ್ನು ಇ-ಕೋರ್ಟ್ಸ್‌ನಲ್ಲಿ ಬೇರೆ ಬೇರೆ ಕಾಗುಣಿತದಲ್ಲಿ ಹುಡುಕಿದೆ. ಇಲ್ಲಿನ ಠಾಣೆಯವರು ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು ಕಂತಿನಲ್ಲಿ ಬರೆಯುತ್ತಾರೆ. ನಮ್ಮ ಕರಾವಳಿಯವರ ಆಧಾರಿನಲ್ಲಿ ಅನೇಕರಿಗೆ ತಂದೆಯ ಹೆಸರು ನಡುವೆ ಇರುವುದೇ ಇಲ್ಲ. ಹಾಗಾಗಿ ತನ್ನದೇ ಕೇಸು ಸಿಗದವನೂ ಇದ್ದಾನೆ, ಪೂಜಾರಿ ಎಂಬ ಅಡ್ಡಹೆಸರಿನ ಮತ್ತೊಬ್ಬನ ಕೇಸು ತಲೆಗೆ ಅಂಟಿಕೊಂಡವನೂ ಇದ್ದಾನೆ. ಖಾಸಗಿ ಹಿನ್ನೆಲೆ ತಪಾಸಣೆಯವರು ನೋಡುವುದು ಇದನ್ನೇ. ಅಂಥವರಿಗೆ ಚಾರ್ಜ್‌ಶೀಟಿನ ವಯಸ್ಸು, ವಿಳಾಸದ ಪುಟ ತೆಗೆಸಿ ಕೊಟ್ಟರೆ ಸಾಕು.

ಹೈಕೋರ್ಟು ಆದೇಶ ತೀರ್ಪುಗಳ ಜಾಲತಾಣಗಳಲ್ಲಿ ಹೆಸರಿನ ಸಮೇತ ಇನ್ನೂ ಇದೆ. ತೆಗೆಸಲು ಹೋಗಲಿಲ್ಲ. ಒಬ್ಬನ ಖುಲಾಸೆ ತೀರ್ಪನ್ನು ತೆಗೆಯಿರಿ ಎಂದು ಮದ್ರಾಸ್ ಹೈಕೋರ್ಟು ಹೇಳಿದ್ದಕ್ಕೆ ಸುಪ್ರೀಂ ಕೋರ್ಟು 2024ರ ಜುಲೈಯಲ್ಲಿ ತಡೆ ಕೊಟ್ಟಿತು. ಅದು ಇತ್ಯರ್ಥವಾಗದೆ ದುಡ್ಡು ಸುರಿಯುವುದು ದಂಡ. ಕೆಲಸದ ಫಾರಂನಲ್ಲಿ ಬಂಧನವಾಗಿತ್ತೇ ಎಂದು ಕೇಳಿದರೆ ಹೌದು ಎಂದೇ ಬರೆದು ಆದೇಶದ ಪ್ರತಿ ಲಗತ್ತಿಸಲು ಹುಡುಗನಿಗೆ ಹೇಳಿದ್ದೇನೆ. ಮುಚ್ಚಿಟ್ಟದ್ದೇ ಹಲವರ ಕೆಲಸಕ್ಕೆ ಕುತ್ತು ತಂದಿದೆ.

ತಡರಾತ್ರಿಯ ಗಲಾಟೆಗೆ ಮಹಾರಾಷ್ಟ್ರ ಪೊಲೀಸ್ ಕಾಯ್ದೆಯಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಬಂದ ಹುಡುಗರು ಈ ದಾರಿ ಹಿಡಿಯಬೇಡಿ. ಅದು ಶಿಕ್ಷೆಯೇ, ತುಂಬಿಸಿದಷ್ಟೂ ನಿಮಗೇ ತೊಂದರೆ. ಬಿ ಅಥವಾ ಸಿ ಸಮರಿಯಲ್ಲಿ (ಚಾರ್ಜ್‌ಶೀಟಿಲ್ಲದೆ ಕೇಸು ಮುಚ್ಚುವ ಪೊಲೀಸ್ ವರದಿ) ಮುಗಿದ ಕೇಸಿನವರು ಪೊಲೀಸರ ವರದಿ ಹಿಡಿದುಕೊಂಡು ಓಡಬೇಡಿ, ಮ್ಯಾಜಿಸ್ಟ್ರೇಟರು ಅದನ್ನು ಒಪ್ಪಿದ ಆದೇಶದ ದೃಢೀಕೃತ ಪ್ರತಿ ಬೇಕು. 2024ರ ಜುಲೈ 1ರ ನಂತರದ ಕೇಸುಗಳಲ್ಲಿ 482ರ ಜಾಗದಲ್ಲಿ ನಾಗರಿಕ ಸುರಕ್ಷಾ ಸಂಹಿತೆಯ 528 ಎಂದು ಬರೆಯಿರಿ.